ಹಾರುವುದು ಒಂದು ವಿದ್ಯೆ, ಹಾರಿಸುವುದು ಇನ್ನೊಂದು

2012ರ ಸೆಪ್ಟೆಂಬರ್ 3. ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪುರುಷರ ಎತ್ತರ ಜಿಗಿತದ ಎಫ್-42 ವಿಭಾಗದ ಫೈನಲ್. ಪದಕ ಗೆದ್ದ ಮೂವರೂ ಹಾರಿದ ಎತ್ತರ ಒಂದೇ, 1.74 ಮೀಟರ್. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಚಿಕ್ಕ ಮಗುವಾಗಿದ್ದಾಗಲೇ ಬಸ್ ಅಪಘಾತದಲ್ಲಿ ಎಡಗಾಲು ಕಳೆದುಕೊಂಡವರು. ಕೃತಕ ಕಾಲು ಕಟ್ಟಿಕೊಳ್ಳದೆ, ಉಳಿದ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಬಂದು ಬಾರ್ ದಾಟಿದರು. ಬೆಳ್ಳಿ ಗೆದ್ದವರು ನಮ್ಮ ಹಾಸನ ಜಿಲ್ಲೆ ಅರಕಲಗೂಡು ತಾಲೂಕಿನ ಎಚ್.ಎನ್. ಗಿರೀಶ್. ಹುಟ್ಟಿನಿಂದಲೇ ಎಡಗಾಲಿನಲ್ಲಿ ಊನವಿದ್ದ ಅವರು ಎರಡೂ ಕಾಲೂರಿ ಓಡಿಬಂದು ಸಿಸರ್ಸ್ ಶೈಲಿಯಲ್ಲಿ, ಅಂದರೆ ಕತ್ತರಿಯ ಅಲಗಿನಂತೆ ಒಂದರ ಹಿಂದೊಂದು ಕಾಲೆತ್ತಿ ಹಾರಿದರು. ಕಂಚು ಪೋಲೆಂಡಿನ ಲುಕಾಶ್ ಮಾಮ್ಚಾರ್ಜ್ ಪಾಲಾಯಿತು.

ಮೂವರ ಎತ್ತರ ಒಂದೇ ಆದರೆ ಪದಕದ ಬಣ್ಣ ಬೇರೆಯಾದದ್ದು ಹೇಗೆ? ಎತ್ತರ ಜಿಗಿತದಲ್ಲಿ ಸಮಬಲವಾದಾಗ ಕೊನೆಯ ಎತ್ತರವನ್ನು ಯಾರು ಕಡಿಮೆ ಯತ್ನದಲ್ಲಿ ದಾಟಿದರು ಎಂದು ಮೊದಲು ನೋಡುತ್ತಾರೆ. ಅದೂ ಸಮವಾದರೆ, ಅಲ್ಲಿಯವರೆಗೆ ಬಾರ್ ಬೀಳಿಸಿದ್ದು ಎಷ್ಟು ಸಲ ಎಂದು ಲೆಕ್ಕ ಹಾಕುತ್ತಾರೆ. ಎಷ್ಟು ಹಾರಿದೆ ಎಂಬುದಲ್ಲ, ಎಷ್ಟು ಸಲ ತಪ್ಪಿದೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಆ ಲೆಕ್ಕದಲ್ಲಿ ಚಿನ್ನ ಡೆಲಾನಾ ಅವರಿಗೆ ಹೋಯಿತು. ಫಿಜಿ ದೇಶಕ್ಕೆ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡೂ ಸೇರಿ ಬಂದ ಮೊಟ್ಟಮೊದಲ ಪದಕ ಅದು. ಭಾರತಕ್ಕೆ ಆ ಕೂಟದಲ್ಲಿ ಸಿಕ್ಕ ಏಕೈಕ ಪದಕ ಗಿರೀಶ್ ಅವರದು. ಅದಕ್ಕೆ ನಾಲ್ಕು ವರ್ಷ ಹಿಂದೆ, ಬೀಜಿಂಗ್‌ನಿಂದ ನಮ್ಮವರು ಬರಿಗೈಯಲ್ಲಿ ಮರಳಿದ್ದರು.

ಡೆಲಾನಾ ಮುಂದೆ ಚುನಾವಣೆಗೆ ನಿಂತು ಗೆದ್ದು, ತಮ್ಮ ದೇಶದ ಯುವಜನ ಮತ್ತು ಕ್ರೀಡಾ ಇಲಾಖೆಯ ಸಹಾಯಕ ಸಚಿವರಾದರು. ಗಿರೀಶ್ ಅವರಿಗೆ 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅವರು ಹಿಡಿದ ದಾರಿ ಮಾತ್ರ ಬೇರೆ. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ, ನಾವು ಸಾಯ್ ಎಂದು ಕರೆಯುವ ಸಂಸ್ಥೆಯಲ್ಲಿ, ಕೋಚ್ ಆದರು. ಹಾರುತ್ತಿದ್ದವರು ಹಾರಿಸುವವರಾದರು.

ಈ ಎರಡನೆಯ ಸಂಗತಿ ಪತ್ರಿಕೆಗಳ ಮುಖಪುಟಕ್ಕೆ ಬರುವಂಥದ್ದಲ್ಲ. ಪದಕ ಬಂದ ದಿನ ಮೆರವಣಿಗೆ, ಹಾರ, ಪಟಾಕಿ ಎಲ್ಲ ಇರುತ್ತದೆ. ಆಟಗಾರ ಕೋಚ್ ಆಗಿ ಹಾಜರಿ ಹಾಕಿದ ದಿನ ಯಾರೂ ಪಟಾಕಿ ಹೊಡೆಯುವುದಿಲ್ಲ. ಆದರೆ ಒಂದು ಊರಿಗೆ, ಒಂದು ಜಿಲ್ಲೆಗೆ ಪದಕಕ್ಕಿಂತ ಹೆಚ್ಚು ಕಾಲ ಉಳಿಯುವ ಆಸ್ತಿ ಎಂದರೆ ಈ ಎರಡನೆಯದೇ ಎಂದು ನಾನು ನಂಬಿದ್ದೇನೆ. ಗೆದ್ದವರೆಲ್ಲ ಕಲಿಸಬಲ್ಲರು ಎಂದು ನಾವು ತಿಳಿದುಕೊಂಡಿರುವುದರಿಂದಲೇ ಈ ದಾಟುವಿಕೆ ಎಷ್ಟು ಕಷ್ಟದ್ದು ಎಂಬುದು ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ಲಂಡನ್‌ನ ಆ ಫೈನಲ್ಲನ್ನೇ ಇನ್ನೊಮ್ಮೆ ನೋಡಿ. ಮೊದಲ ಇಬ್ಬರು ಹಾರಿದ ಬಗೆಗೆ ತಾಳಮೇಳವಿಲ್ಲ. ಒಂಟಿ ಕಾಲಿನವರ ಓಟವೆಂದರೆ ಕುಪ್ಪಳಿಕೆಯ ಲಯ. ನೆಲ ಒದೆಯುವುದೂ ಅದೇ ಕಾಲು, ಅದಕ್ಕೆ ಮುಂಚಿನ ಹೆಜ್ಜೆಗಳಲ್ಲಿ ಮೈಭಾರ ಹೊರುವುದೂ ಅದೇ ಕಾಲು. ಗಿರೀಶ್ ಅವರಂತೆ ಒಂದು ಕಾಲು ಗಟ್ಟಿ, ಇನ್ನೊಂದು ಬಲಹೀನ ಇರುವವರ ಲೆಕ್ಕವೇ ಬೇರೆ. ಅಲ್ಲಿ ಎರಡು ಕಾಲಿನ ಓಟವಿದೆ, ಆದರೆ ಎರಡೂ ಹೆಜ್ಜೆಗೆ ಒಂದೇ ತೂಕವಿಲ್ಲ. ಈಗ ಗಿರೀಶ್ ಕೋಚ್ ಆಗಿ ನಿಂತಿದ್ದಾರೆ, ಎದುರಿಗೆ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡ ಹುಡುಗನೊಬ್ಬ ಬಂದ ಎಂದು ಊಹಿಸಿಕೊಳ್ಳಿ. ಅವನಿಗೆ ಏನನ್ನು ಕಲಿಸಬೇಕು? ತಮಗೆ ಬೆಳ್ಳಿ ತಂದುಕೊಟ್ಟ ಜಿಗಿತವನ್ನೇ? ಅದು ಅವನ ಮೈಗೆ ಕೂರುವುದಿಲ್ಲ. ಎರಡು ಕಾಲೂ ಸರಿಯಿರುವ ಆಟಗಾರರ ಲೋಕದಲ್ಲಿ ಕೋಚ್ ತನ್ನದೇ ಶೈಲಿಯನ್ನು ಶಿಷ್ಯನಿಗೆ ದಾಟಿಸಿ ಹೇಗೋ ಕೆಲಸ ಸಾಗಿಸಬಹುದು. ಪ್ಯಾರಾ ಕ್ರೀಡೆಯಲ್ಲಿ ಆ ಸುಲಭದ ದಾರಿಯೇ ಇಲ್ಲ. ಮೊದಲ ದಿನದಿಂದಲೇ ತನ್ನ ಮೈಯನ್ನು ಬದಿಗಿಟ್ಟು ಇನ್ನೊಬ್ಬರ ಮೈಯನ್ನು ಓದಬೇಕು. ಆಟಗಾರ ಕೋಚ್ ಆಗುವುದು ಎಂದರೇನು ಎಂಬುದು ಅದಕ್ಕಾಗಿಯೇ ಇಲ್ಲಿ ಬೇರೆಲ್ಲ ಕಡೆಗಿಂತ ನಿಚ್ಚಳವಾಗಿ ಕಾಣುತ್ತದೆ.

ಎತ್ತರ ಜಿಗಿತದ ಕೋಚ್ ಕಣ್ಣು ಎಲ್ಲಿರುತ್ತದೆ ಎಂದು ನೋಡಿದರೂ ಇದು ಗೊತ್ತಾಗುತ್ತದೆ. ಗ್ಯಾಲರಿಯಲ್ಲಿ ಕುಳಿತ ನಮ್ಮೆಲ್ಲರ ಕಣ್ಣು ಬಾರ್ ಮೇಲಿರುತ್ತದೆ. ನಾಲ್ಕು ಮೀಟರ್ ಉದ್ದದ, ಎರಡು ಕಿಲೋಗಿಂತ ಹೆಚ್ಚು ತೂಗದ ಆ ಪಟ್ಟಿ ಅಲುಗಾಡಿತೇ, ಬಿತ್ತೇ ಎಂದು ಉಸಿರು ಬಿಗಿಹಿಡಿದು ನೋಡುತ್ತೇವೆ. ಕೋಚ್ ಕಣ್ಣು ನೆಲದ ಮೇಲಿರುತ್ತದೆ. ಬಾರ್ ಬೀಳುವುದು ಫಲಿತಾಂಶ ಮಾತ್ರ. ಅದಕ್ಕೆ ಕಾರಣ ಕೊನೆಯ ಎರಡು ಮೂರು ಹೆಜ್ಜೆಗಳಲ್ಲಿ ಆಗಲೇ ನಡೆದುಹೋಗಿರುತ್ತದೆ. ನೆಲ ಒದೆಯುವ ಹೆಜ್ಜೆಗೆ ಮುಂಚಿನ ಹೆಜ್ಜೆ ಕೊಂಚ ಉದ್ದವಾಗಬೇಕು, ಸೊಂಟ ಕೊಂಚ ತಗ್ಗಬೇಕು. ಕೊನೆಯ ಹೆಜ್ಜೆ ಗಿಡ್ಡವಾಗಿ, ಚುರುಕಾಗಿ ಬೀಳಬೇಕು. ಓಟದ ವೇಗ ಮೇಲ್ಮುಖವಾಗಿ ತಿರುಗುವುದು ಅಲ್ಲೇ. ಒಂದು ಕಾಲು ಬಲಹೀನವಾಗಿದ್ದು, ಸೊಂಟ ತಗ್ಗಿಸಬೇಕಾದ ಹೆಜ್ಜೆ ಆ ಕಾಲಿಗೇ ಬಂದರೆ ಏನಾಗುತ್ತದೆ? ಮಡಿಚಿದ ಮಂಡಿಯ ಮೇಲೆ ಅದು ಮೈಭಾರ ತಡೆಯಲಾರದು. ಆಗ ಕೋಚ್ ಪುಸ್ತಕದ ಲಯವನ್ನು ಬಿಡಬೇಕಾಗುತ್ತದೆ. ಓಟದ ದೂರ ಕಡಿಮೆ ಮಾಡಬೇಕು, ವೇಗ ತಗ್ಗಿಸಬೇಕು, ತಗ್ಗದೆಯೂ ಒದೆಯಲು ಬರುವಂತೆ ಗಟ್ಟಿ ಕಾಲನ್ನು ತಯಾರು ಮಾಡಬೇಕು. ಎಲ್ಲ ಭಾರವನ್ನೂ ಆ ಒಂದು ಕಾಲೇ ಹೊರುವುದರಿಂದ ಅದರ ಮಂಡಿಗೂ ನಡುವಿಗೂ ಪೆಟ್ಟು ಬೇಗ. ಹಾಗಾಗಿ ಎಷ್ಟು ಹಾರಿಸಬೇಕು ಎಂಬುದಕ್ಕಿಂತ ಇವತ್ತು ಎಷ್ಟಕ್ಕೆ ನಿಲ್ಲಿಸಬೇಕು ಎಂದು ತಿಳಿಯುವುದು ದೊಡ್ಡ ವಿದ್ಯೆ.

ಸ್ಪರ್ಧೆಯ ದಿನ ಕೋಚ್‌ಗೆ ಮೈದಾನದೊಳಗೆ ಪ್ರವೇಶವಿಲ್ಲ. ಗ್ಯಾಲರಿಯ ಅಂಚಿನಲ್ಲಿ ಕೂತಿರಬೇಕು. ಒಂದು ಯತ್ನ ತಪ್ಪಿದಾಗ ಆಟಗಾರ ಅತ್ತ ನಡೆದು ಬರುತ್ತಾನೆ. ಮಾತಾಡಲು ಸಿಗುವುದು ಅಷ್ಟೇ ಹೊತ್ತು. ಅಲ್ಲಿ ಹತ್ತು ತಪ್ಪು ಕಂಡಿರಬಹುದು, ಹೇಳಬೇಕಾದ್ದು ಒಂದನ್ನು. ‘ಗುರುತು ಅರ್ಧ ಅಡಿ ಹಿಂದಕ್ಕೆ ಸರಿಸು’ ಎನ್ನುವಷ್ಟು ಚಿಕ್ಕದಾದ, ತಕ್ಷಣ ಮಾಡಬಹುದಾದ ಒಂದು ಮಾತು. ಉಳಿದ ಒಂಬತ್ತನ್ನು ನುಂಗಿಕೊಳ್ಳಬೇಕು. ತಾನೇ ಓಡಿಹೋಗಿ ಹಾರಿ ತೋರಿಸುವ ಹಂಬಲ ಇನ್ನೂ ಮೈಯಲ್ಲಿರುವ ಮಾಜಿ ಆಟಗಾರನಿಗೆ ಇದಕ್ಕಿಂತ ಕಠಿಣವಾದ ಶಿಸ್ತು ಬೇರೊಂದಿಲ್ಲ.

ದೊಡ್ಡ ಆಟಗಾರರಲ್ಲಿ ಅನೇಕರು ತಾವು ಮಾಡುವುದನ್ನು ಬಾಯಲ್ಲಿ ಹೇಳಲಾರರು. ‘ಹೇಗೆ ಹಾರಿದೆ?’ ಎಂದರೆ ‘ಹಾರಿದೆ ಅಷ್ಟೇ’ ಎನ್ನುತ್ತಾರೆ. ಇದು ಬಿನ್ನಾಣವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಆಟಗಾರರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಚೆಂಡನ್ನು ಗುರಿಯತ್ತ ಹೊಡೆದ ಬಳಿಕ, ಈಗಷ್ಟೇ ಹೊಡೆದ ಹೊಡೆತದ ವಿವರ ಬರೆಯಲು ಹೇಳಿದಾಗ ನುರಿತವರಿಗೆ ನೆನಪಾದದ್ದು ಹೊಸಬರಿಗಿಂತ ಕಡಿಮೆ. ಅಭ್ಯಾಸದಿಂದ ಕೆಲಸ ಮೈಗಿಳಿದಂತೆ ಮನಸ್ಸು ಅದರ ಮೇಲಿನ ಕಾವಲು ತೆಗೆದುಬಿಡುತ್ತದೆ. ಕಾವಲು ಇಲ್ಲದಲ್ಲಿ ನೆನಪೂ ಕೂಡುವುದಿಲ್ಲ. ಬೇಕೆಂದೇ ವಿಚಿತ್ರ ಆಕಾರದ ಗಾಲ್ಫ್ ಕೋಲು ಕೊಟ್ಟಾಗ ಆ ನುರಿತವರೂ ಪ್ರತಿಯೊಂದನ್ನೂ ಗಮನಿಸಬೇಕಾಗಿ ಬಂತು, ವಿವರಗಳು ಅವರ ನೆನಪಿನಲ್ಲಿ ನಿಂತವು.

ಈ ಫಲಿತಾಂಶ ಓದಿದಾಗ ನನಗೆ ಪ್ಯಾರಾ ಆಟಗಾರರ ವಿಷಯ ಹೊಳೆಯಿತು. ಊನವಿರುವ ಮೈಯಲ್ಲಿ ಆಟ ಕಲಿಯುವವರಿಗೆ ಹಾಗೆ ಮೈಮರೆಯುವ ಸೌಲಭ್ಯ ಅಷ್ಟಾಗಿ ಸಿಗುವುದಿಲ್ಲ. ಎಲ್ಲರಿಗೂ ತಾನಾಗಿ ಬರುವ ಹೆಜ್ಜೆಯನ್ನು ಇವರು ಯೋಚಿಸಿ, ಲೆಕ್ಕ ಹಾಕಿ, ತಮ್ಮದೇ ಉಪಾಯ ಹೂಡಿ ಇಡಬೇಕು. ಮೈಗೂ ನೆಲಕ್ಕೂ ನಡೆಯುವ ಈ ಚೌಕಾಸಿ ಅವರ ಎಚ್ಚರದಲ್ಲೇ ನಡೆಯುತ್ತದೆ. ಅದಕ್ಕೇ ಅವರಲ್ಲಿ ಕೋಚ್ ಆಗುವ ಬೀಜ ಹೆಚ್ಚು ಇರುತ್ತದೆ ಎಂದು ನನ್ನ ಅನಿಸಿಕೆ. ಪ್ರಯೋಗದಿಂದ ಸಾಬೀತಾದ ಮಾತಲ್ಲ ಇದು. ಆದರೆ ಆ ಮೈದಾನಗಳನ್ನು ನೋಡುವವರು ಯಾರೂ ಇದನ್ನು ಸುಮ್ಮನೆ ತಳ್ಳಿಹಾಕಲಾರರು.

ಬಾಯಲ್ಲಿ ಹೇಳಲು ಬಂತು ಎನ್ನಿ, ಆಗಲೂ ಯಾವ ಮಾತು ಎಂಬ ಪ್ರಶ್ನೆ ಉಳಿಯುತ್ತದೆ. ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಹಿಮಜಾರಾಟದಂಥ ಯಂತ್ರದ ಮೇಲೆ ಜನರಿಗೆ ಕಲಿಸಿ ನೋಡಿದರು. ‘ನಿನ್ನ ಪಾದದಿಂದ ಒತ್ತು’ ಎಂದು ಹೇಳಿಸಿಕೊಂಡವರಿಗಿಂತ ‘ಯಂತ್ರದ ಚಕ್ರವನ್ನು ಒತ್ತು’ ಎಂದು ಹೇಳಿಸಿಕೊಂಡವರು ಚೆನ್ನಾಗಿ ಕಲಿತರು. ಕಲಿಯುವವನ ಗಮನವನ್ನು ಅವನ ಅಂಗಾಂಗಗಳ ಮೇಲೆ ಕಟ್ಟಿಹಾಕಿದರೆ ಮೈ ಬಿಗಿಯುತ್ತದೆ. ಹೊರಗಿನ ಒಂದು ಗುರಿಯ ಮೇಲೆ ಇಟ್ಟರೆ ಮೈ ತಾನೇ ದಾರಿ ಹುಡುಕಿಕೊಳ್ಳುತ್ತದೆ. ‘ಮಂಡಿ ಎತ್ತು, ಭುಜ ತಿರುಗಿಸು, ಸೊಂಟ ಮೇಲೆ’ ಎಂದು ಕೂಗುವ ಕೋಚ್‌ಗಿಂತ ‘ನೆಲವನ್ನು ಒದ್ದು ದೂಡು’ ಎನ್ನುವ ಕೋಚ್‌ನ ಮಾತಿಗೆ ಬೆಲೆ ಹೆಚ್ಚು. ಊನದ ಕಾಲಿನ ಬಗ್ಗೆ ಹುಟ್ಟಿದಾಗಿನಿಂದ ಊರವರ ಮಾತು ಕೇಳಿ ಬೆಳೆದ ಮಗುವಿಗಂತೂ ಇನ್ನೊಮ್ಮೆ ಆ ಕಾಲನ್ನೇ ನೆನಪಿಸದ ಮಾತು ಬೇಕು.

ಅರಕಲಗೂಡು ಸೀಮೆಗೆ ಕಲಿಸುವ ವಿದ್ಯೆ ಹೊಸದಲ್ಲ. ಇದೇ ತಾಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಕರ್ನಾಟಕ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಹಾಡಿದರು, ಜೊತೆಜೊತೆಗೇ ಪಾಠವನ್ನೂ ಹೇಳಿದರು. ಅದೇ ಊರಿನ ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳ ಧ್ಯಾನಮಂದಿರವನ್ನೇ ಕಟ್ಟಿಸಿದ್ದಾರೆ. ಸಂಗೀತದಲ್ಲಿ ಕಛೇರಿ ಮಾಡುವವನೂ ಪಾಠ ಹೇಳುವವನೂ ಒಬ್ಬನೇ. ಗುರು ಹಾಡಿ ತೋರಿಸುತ್ತಾನೆ, ಶಿಷ್ಯ ಅನುಸರಿಸುತ್ತಾನೆ. ಗುರುವಿನ ಎಂಬತ್ತನೆಯ ವಯಸ್ಸಿನಲ್ಲೂ ಅದು ನಡೆಯುತ್ತದೆ. ಕ್ರೀಡೆಯಲ್ಲಿ ಹಾಗಲ್ಲ. ಮೂವತ್ತು ಮೂವತ್ತೈದಕ್ಕೆ ಮೈ ಕೈಕೊಡುತ್ತದೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಲಂಡನ್‌ನಲ್ಲಿ ಹಾರಿದವರ ಮುಂದೆ ಅದಕ್ಕಿಂತ ಬಹಳ ದೀರ್ಘವಾದ ಇನ್ನೊಂದು ಬದುಕು ಕಾದಿರುತ್ತದೆ. ಆ ಬದುಕಿನಲ್ಲಿ ಹಾರಿ ತೋರಿಸುವ ಅವಕಾಶವಿಲ್ಲ. ನೋಡಿ ಹೇಳುವುದು ಒಂದೇ ಉಳಿದಿರುವ ಸಾಧನ.

ಆ ಸಾಧನವನ್ನು ಹದ ಮಾಡಿಕೊಳ್ಳಲು ನಮ್ಮ ದೇಶದಲ್ಲಿ ಒಂದು ವ್ಯವಸ್ಥೆ ಇದೆ. 1961ರಲ್ಲಿ ಪಟಿಯಾಲಾದಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎನ್‌ಐಎಸ್. ಕೋಚ್ ಹುದ್ದೆಗೆ ಇಂದಿಗೂ ಮೊದಲು ಕೇಳುವುದು ‘ಎನ್‌ಐಎಸ್ ಆಗಿದೆಯಾ?’ ಎಂದೇ. ಅದರ ಡಿಪ್ಲೊಮಾ ಕೋರ್ಸಿನಲ್ಲಿ ಅಂಗರಚನೆ, ಶರೀರಕ್ರಿಯೆ, ಚಲನೆಯ ಯಂತ್ರಶಾಸ್ತ್ರ, ಮನಶ್ಶಾಸ್ತ್ರ, ತರಬೇತಿಯ ಯೋಜನೆ ಎಲ್ಲ ಇರುತ್ತದೆ. ಅಷ್ಟು ಬಿಡುವಿಲ್ಲದವರಿಗೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಬೆಂಗಳೂರಿನ ಜ್ಞಾನಭಾರತಿ ಬಳಿಯ ಸಾಯ್ ಆವರಣ ದಕ್ಷಿಣದವರಿಗೆ ಆ ವಿದ್ಯೆಯ ನೆಲೆ. ಮೈದಾನದಲ್ಲಿ ಗಳಿಸಿದ ಅನುಭವವನ್ನು ಇಂಥ ಪಾಠದ ಜೊತೆ ಇಟ್ಟು ನೋಡಿದಾಗ ಮಾತ್ರ ಆಟಗಾರನಿಗೆ ‘ನನಗೆ ಹೀಗೆ ಆಯಿತು’ ಮತ್ತು ‘ಎಲ್ಲರಿಗೂ ಹೀಗೆ ಆಗುತ್ತದೆ’ ಇವೆರಡರ ನಡುವಿನ ಅಂತರ ತಿಳಿಯುವುದು.

ಬೆಂಗಳೂರು ಪ್ಯಾರಾ ಎತ್ತರ ಜಿಗಿತಕ್ಕೆ ಹೇಗೆ ನೆಲೆಯಾಯಿತು ಎಂಬುದನ್ನೂ ಹೇಳಬೇಕು. ತಮಿಳುನಾಡಿನ ಸೇಲಂ ಬಳಿಯ ಪೆರಿಯವಡಗಂಪಟ್ಟಿಯ ಮರಿಯಪ್ಪನ್ ತಂಗವೇಲು ಐದು ವರ್ಷದವರಿದ್ದಾಗ ಬಸ್ಸು ಹರಿದು ಬಲಗಾಲು ಜಜ್ಜಿಹೋಗಿತ್ತು. ಅವರನ್ನು ಗುರುತಿಸಿ ಬೆಂಗಳೂರಿಗೆ ಕರೆತಂದು ತಯಾರು ಮಾಡಿದವರು ಕೋಚ್ ಸತ್ಯನಾರಾಯಣ. 2016ರ ರಿಯೊದಲ್ಲಿ ಮರಿಯಪ್ಪನ್ 1.89 ಮೀಟರ್ ಹಾರಿ ಚಿನ್ನ ಗೆದ್ದರು. ಅದೇ ಸ್ಪರ್ಧೆಯಲ್ಲಿ ವರುಣ್ ಸಿಂಗ್ ಭಾಟಿಗೆ 1.86 ಮೀಟರ್‌ಗೆ ಕಂಚು. ಗಿರೀಶ್ ಅವರ 1.74ರಿಂದ ನಾಲ್ಕೇ ವರ್ಷದಲ್ಲಿ ಭಾರತದವರು ಹದಿನೈದು ಸೆಂಟಿಮೀಟರ್ ಮೇಲೇರಿದ್ದರು. ಟೋಕಿಯೊದಲ್ಲಿ ಎತ್ತರ ಜಿಗಿತದ ಬೇರೆ ಬೇರೆ ವಿಭಾಗಗಳಿಂದ ನಾಲ್ಕು ಪದಕ: ಮರಿಯಪ್ಪನ್, ಶರದ್ ಕುಮಾರ್, ನಿಶಾದ್ ಕುಮಾರ್, ಪ್ರವೀಣ್ ಕುಮಾರ್. 2024ರ ಪ್ಯಾರಿಸ್‌ನಲ್ಲಿ ಅದೇ ನಾಲ್ವರಿಂದ ಮತ್ತೆ ನಾಲ್ಕು, ಅದರಲ್ಲಿ ಪ್ರವೀಣ್ ಅವರದು 2.08 ಮೀಟರ್‌ನ ಚಿನ್ನ. ಒಂದು, ಎರಡು, ನಾಲ್ಕು, ನಾಲ್ಕು. ಒಟ್ಟು ಹನ್ನೊಂದು. ಈ ಸಾಲಿನ ಮೊದಲ ಅಂಕಿ ಅರಕಲಗೂಡಿನದು.

ಈ ಏರಿಕೆಯನ್ನು ಒಬ್ಬರ ಖಾತೆಗೆ ಬರೆಯುವುದು ತಪ್ಪಾಗುತ್ತದೆ. ಸರ್ಕಾರದ ಹಣ ಬಂತು, ವಿದೇಶಿ ತರಬೇತಿ ಬಂತು, ಹುಡುಗರ ಛಲವಂತೂ ಇದ್ದೇ ಇತ್ತು. ಆದರೆ ಒಂದು ಮಾತು ನಿಜ. ಮೊದಲ ಪದಕ ಬರುವ ತನಕ ಊನದ ಕಾಲಿನವನು ಹಾರಬಲ್ಲ ಎಂಬುದು ನಂಬಿಕೆಯ ಮಾತಾಗಿತ್ತು, ಆಮೇಲೆ ಕೆಲಸದ ಮಾತಾಯಿತು. ಕೆಲಸದ ಮಾತಾದ ಮೇಲೆ ಅದಕ್ಕೆ ಕೆಲಸಗಾರರು ಬೇಕಾಗುತ್ತಾರೆ.

ಕನ್ನಡನಾಡಿನಲ್ಲಿ ಇದಕ್ಕೆ ದೊಡ್ಡ ಮಾದರಿಗಳಿವೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆ 1994ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಪ್ರಶಸ್ತಿ ಗೆದ್ದು, ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ರಾಹುಲ್ ದ್ರಾವಿಡ್ ನಿವೃತ್ತಿಯ ನಂತರ ನೇರವಾಗಿ ಹಿರಿಯರ ತಂಡಕ್ಕೆ ಹೋಗದೆ, 19 ವರ್ಷದೊಳಗಿನವರ ಮತ್ತು ‘ಎ’ ತಂಡದ ಹುಡುಗರ ಜೊತೆ ವರ್ಷಗಟ್ಟಲೆ ಕಳೆದರು. ನನಗೆ ಇವರೆಲ್ಲರಿಗಿಂತ ಹೆಚ್ಚು ಮೆಚ್ಚುಗೆಯಾಗುವುದು ಅಶ್ವಿನಿ ನಾಚಪ್ಪ ಅವರ ಆಯ್ಕೆ. ಟ್ರ್ಯಾಕ್‌ನಲ್ಲಿ ಪಿ.ಟಿ. ಉಷಾ ಅವರನ್ನೇ ಹಿಂದಿಕ್ಕಿದ್ದ ಓಟಗಾರ್ತಿ, ಅರ್ಜುನ ಪ್ರಶಸ್ತಿ ಪಡೆದವರು, ಮಹಾನಗರದಲ್ಲಿ ಅಕಾಡೆಮಿ ಮಾಡದೆ ಕೊಡಗಿನ ಗೋಣಿಕೊಪ್ಪಲಿನಲ್ಲಿ ಪತಿ ದತ್ತ ಕರುಂಬಯ್ಯ ಅವರೊಂದಿಗೆ ಶಾಲೆಯನ್ನೇ ತೆರೆದರು. ಪಾಠ ಮತ್ತು ಆಟ ಎರಡಕ್ಕೂ ಒಂದೇ ಗೌರವ ಸಿಗುವ ಶಾಲೆ. ಅಕಾಡೆಮಿಗೆ ಬರುವವರು ಆಗಲೇ ಗೆಲ್ಲಲು ಹೊರಟ ಮಕ್ಕಳು. ಶಾಲೆಗೆ ಎಲ್ಲ ಮಕ್ಕಳೂ ಬರುತ್ತಾರೆ. ಕೋಚ್ ಮತ್ತು ಶಿಕ್ಷಕಿ ಬೇರೆಯಾಗುವುದು ಆ ಬಾಗಿಲಲ್ಲಿ.

ಅದೇ ಬಾಗಿಲಿನಿಂದ ನಮ್ಮ ಹಾಸನದ ಕಡೆ ನೋಡೋಣ. ಆಲೂಗಡ್ಡೆ, ರಾಗಿ, ಹೊಗೆಸೊಪ್ಪು ಬೆಳೆಯುವ ಇಲ್ಲಿನ ಊರುಗಳ ಸರ್ಕಾರಿ ಶಾಲೆಗಳಲ್ಲಿ ಕಾಲು ಊನವಿರುವ ಮಕ್ಕಳು ಇವತ್ತೂ ಓದುತ್ತಿದ್ದಾರೆ. ಪಿ.ಟಿ. ಮೇಷ್ಟ್ರ ಹುದ್ದೆ ಮಕ್ಕಳ ಸಂಖ್ಯೆ ನೋಡಿ ಮಂಜೂರಾಗುವುದರಿಂದ ಸಣ್ಣ ಶಾಲೆಗಳಲ್ಲಿ ಅವರೇ ಇರುವುದಿಲ್ಲ. ಕನ್ನಡ ಇಲ್ಲವೇ ಸಮಾಜ ಪಾಠದ ಮೇಷ್ಟ್ರೇ ಸೀಟಿ ಹಿಡಿದು ಮಕ್ಕಳನ್ನು ಹೋಬಳಿ ಕ್ರೀಡಾಕೂಟಕ್ಕೆ ಕರೆದೊಯ್ಯುತ್ತಾರೆ.

ಆ ಕೂಟಗಳನ್ನು ನೋಡಿದವರಿಗೆ ಗೊತ್ತು. ಕೋಣನೂರಿರಲಿ, ರಾಮನಾಥಪುರವಿರಲಿ, ಮಲ್ಲಿಪಟ್ಟಣವಿರಲಿ, ಸುಣ್ಣದ ಗೆರೆ ಎಳೆದ ಮೈದಾನದಲ್ಲಿ ಊನವಿರುವ ಹುಡುಗನಿಗೆ ಒಂದು ಕೆಲಸ ಕೊಟ್ಟಿರುತ್ತಾರೆ. ಅಂಕ ಬರೆಯುವುದು, ನೀರಿನ ಕ್ಯಾನ್ ಬಳಿ ನಿಲ್ಲುವುದು, ಗೆಳೆಯರ ಚಪ್ಪಲಿ ಬಟ್ಟೆ ಕಾಯುವುದು. ಕೊಡುವವರ ಮನಸ್ಸಿನಲ್ಲಿ ಕೆಡುಕಿಲ್ಲ, ಅವನಿಗೆ ಬೇಸರವಾಗದಿರಲಿ ಎಂಬ ಕಾಳಜಿಯೇ ಇದೆ. ಆದರೂ ಅದು ಅನ್ಯಾಯವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಪಾಲ್ಗೊಳ್ಳುವುದನ್ನು ಅವನ ಹಕ್ಕಿನ ವಿಷಯವೆಂದು ಕಾಣುತ್ತದೆ, ಅದಕ್ಕೆ ಬೇಕಾದ ಏರ್ಪಾಡು ಮಾಡುವುದು ಸರ್ಕಾರದ ಹೊಣೆ ಎನ್ನುತ್ತದೆ. ದೆಹಲಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲ ಖೇಲೊ ಇಂಡಿಯಾ ಪ್ಯಾರಾ ಗೇಮ್ಸ್ ಕೂಡ ನಡೆಯಿತು. ದೆಹಲಿಯ ಆ ಟ್ರ್ಯಾಕ್‌ಗೂ ಮಲ್ಲಿಪಟ್ಟಣದ ಸುಣ್ಣದ ಗೆರೆಗೂ ನಡುವೆ ಸೇತುವೆಯಾಗಬಲ್ಲವರು ಯಾರು? ಅದೇ ಮಣ್ಣಿನಲ್ಲಿ ಬೆಳೆದು ಅಲ್ಲಿಗೆ ಹೋಗಿ ಬಂದ ಕೋಚ್‌ಗಳು.

2020ರಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗಳಲ್ಲಿ ಸಾವಿರ ಖೇಲೊ ಇಂಡಿಯಾ ಕೇಂದ್ರಗಳನ್ನು ತೆರೆದು, ಮಾಜಿ ಚಾಂಪಿಯನ್‌ಗಳನ್ನು ಅಲ್ಲಿ ಕೋಚ್ ಮಾಡುವ ಯೋಜನೆ ಪ್ರಕಟಿಸಿತು. ಒಳ್ಳೆಯ ಯೋಜನೆ. ಅದರ ಹಿಂದಿನ ವಿಚಾರ ಇನ್ನೂ ಒಳ್ಳೆಯದು: ಆಡಿ ಮುಗಿಸಿದವರಿಗೆ ಅನ್ನದ ದಾರಿ, ಊರಿನ ಮಕ್ಕಳಿಗೆ ಕಲಿಯುವ ದಾರಿ. ನನ್ನ ಆಸೆ ಏನೆಂದರೆ, ಅಂಥ ಕೋಚ್‌ಗಳ ಕೆಲಸ ಆಯ್ದ ಇಪ್ಪತ್ತು ಮೂವತ್ತು ಮಕ್ಕಳನ್ನು ತಯಾರು ಮಾಡುವುದಕ್ಕೆ ಮುಗಿಯಬಾರದು. ಅವರು ಪಿ.ಟಿ. ಮೇಷ್ಟ್ರುಗಳಿಗೆ ಕಲಿಸಬೇಕು. ಒಬ್ಬ ಕೋಚ್ ಒಂದು ದಿನದಲ್ಲಿ ನಲವತ್ತು ಮೇಷ್ಟ್ರುಗಳಿಗೆ ಕಣ್ಣು ಕೊಡಬಲ್ಲ, ಆ ನಲವತ್ತು ಜನ ನಲವತ್ತು ಶಾಲೆಗಳಿಗೆ ಹೋಗುತ್ತಾರೆ.

ಅಂಥ ಒಂದು ದಿನದ ಪಾಠದಲ್ಲಿ ಏನಿರಬಹುದು? ದೊಡ್ಡ ಸಲಕರಣೆ ಏನೂ ಬೇಕಿಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿ ಹಾರಿ 2.24 ಮೀಟರ್‌ಗೆ ಚಿನ್ನ ಗೆದ್ದ ಮೇಲೆ ಲೋಕವೆಲ್ಲ ಆ ಶೈಲಿಗೆ ತಿರುಗಿತು. ಆದರೆ ಬೆನ್ನಿನ ಮೇಲೆ ಬೀಳಲು ದಪ್ಪನೆಯ ಫೋಮ್ ಹಾಸಿಗೆ ಬೇಕು, ಅದು ನಮ್ಮ ಹಳ್ಳಿ ಶಾಲೆಯಲ್ಲಿ ಇಲ್ಲ. ಸಿಸರ್ಸ್ ಶೈಲಿಯಲ್ಲಿ ಕಾಲಿನ ಮೇಲೇ ಇಳಿಯುವುದರಿಂದ ಚೆನ್ನಾಗಿ ಅಗೆದು ಸಡಿಲ ಮಾಡಿದ ಮರಳಿನ ಗುಂಡಿ ಸಾಕು. ಬಾರ್ ಬದಲು ಹಗ್ಗ, ಅದೂ ತಗುಲಿದರೆ ಜಾರಿ ಬೀಳುವಂತೆ ಸಡಿಲವಾಗಿ ಇಟ್ಟದ್ದು. ಎತ್ತರ ಮೊದಮೊದಲು ಮಂಡಿಯ ಮಟ್ಟ ದಾಟಬೇಕಿಲ್ಲ. ಗಿರೀಶ್ ಪ್ಯಾರಾಲಿಂಪಿಕ್ಸ್ ಪದಕ ಗೆದ್ದದ್ದು ಇದೇ ಹಳೆಯ ಸಿಸರ್ಸ್‌ನಲ್ಲಿ ಎಂಬುದನ್ನು ಮೇಷ್ಟ್ರು ಮರೆಯದೆ ಮಕ್ಕಳಿಗೆ ಹೇಳಬೇಕು.

ಇನ್ನೊಂದು ವಿಷಯವಿದೆ, ಹೇಳಿಕೊಡುವವರಿಲ್ಲದೆ ಎಷ್ಟೋ ಮಕ್ಕಳು ಇದರಲ್ಲೇ ಸೋತಿರಬೇಕು. ಸಿಸರ್ಸ್‌ನಲ್ಲಿ ನೆಲ ಒದೆಯಬೇಕಾದ್ದು ಬಾರ್‌ಗೆ ದೂರದ ಕಾಲು. ಮೊದಲು ಮೇಲೇಳುವುದು ಹತ್ತಿರದ ಕಾಲು. ಹೆಚ್ಚಿನವರು ಎಡಗಾಲಿನಲ್ಲಿ ಒದೆಯುವುದರಿಂದ, ಗುಂಡಿಗೆ ಮುಖ ಮಾಡಿ ನಿಂತಾಗ ಬಲಬದಿಯಿಂದ ಓಡಿಬರುತ್ತಾರೆ. ಶಾಲೆಯ ಕೂಟದಲ್ಲಿ ಓಟದ ಗುರುತನ್ನೂ ಆ ಬದಿಗೇ ಹಾಕಿ, ಎಲ್ಲ ಮಕ್ಕಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಎಡಗಾಲು ಬಲಹೀನವಾದ ಹುಡುಗ ಅಲ್ಲಿಂದ ಓಡಿಬಂದರೆ ತನ್ನ ದುರ್ಬಲ ಕಾಲಿನಲ್ಲೇ ಒದೆಯಬೇಕಾಗುತ್ತದೆ, ಹಗ್ಗಕ್ಕೆ ಎಡವಿ ಬೀಳುತ್ತಾನೆ. ಸುತ್ತಲಿನವರು ‘ಪಾಪ, ಅವನಿಗೆ ಆಗಲ್ಲ ಬಿಡಿ’ ಎನ್ನುತ್ತಾರೆ. ಅವನೂ ಹಾಗೇ ನಂಬುತ್ತಾನೆ. ಅದೇ ಹುಡುಗನನ್ನು ಎಡಬದಿಯಿಂದ ಓಡಿಸಿ ನೋಡಿ. ಈಗ ಒದೆಯುವುದು ಗಟ್ಟಿಯಾದ ಬಲಗಾಲು. ದುರ್ಬಲವಾದ ಎಡಗಾಲಿಗೆ ಎತ್ತಿ ಬೀಸುವ ಕೆಲಸ ಮಾತ್ರ. ಹೌದು, ಇಳಿಯುವಾಗ ಮೊದಲು ನೆಲ ಮುಟ್ಟುವುದು ಆ ಎಡಗಾಲೇ. ಅದಕ್ಕೇ ಮರಳು ಆಳವಾಗಿರಬೇಕು, ಎತ್ತರ ಕಡಿಮೆಯಿರಬೇಕು, ಇಳಿದ ಕೂಡಲೆ ಪಕ್ಕಕ್ಕೆ ಉರುಳುವುದನ್ನು ಮೊದಲೇ ಕಲಿಸಿರಬೇಕು. ಮಗುವಿನ ಕಾಲಿನ ತೊಂದರೆ ಯಾವ ಬಗೆಯದು ಎಂದು ವೈದ್ಯರನ್ನು ಕೇಳಿ ತಿಳಿದಿರಬೇಕು.

ಗುರುತನ್ನು ಬಲದಿಂದ ಎಡಕ್ಕೆ ಹಾಕಲು ಖರ್ಚಾಗುವುದು ಒಂದು ಹಿಡಿ ಸುಣ್ಣ. ಆದರೆ ಎಡಕ್ಕೆ ಹಾಕಬೇಕು ಎಂದು ಮೇಷ್ಟ್ರಿಗೆ ಯಾರಾದರೂ ಹೇಳಬೇಕಲ್ಲ! ಅದನ್ನು ಹೇಳಬಲ್ಲವರು ಈ ಜಿಲ್ಲೆಯಿಂದಲೇ ಹೋಗಿ, ಗೆದ್ದು, ಕಲಿಸುವ ಕೆಲಸಕ್ಕೆ ನಿಂತಿದ್ದಾರೆ. ಶಾಲೆಗಳ ಹೋಬಳಿ ಮಟ್ಟದ ಕೂಟಗಳು ಮಳೆಗಾಲದ ತಿಂಗಳುಗಳಲ್ಲಿ ಶುರುವಾಗುತ್ತವೆ. ಅದಕ್ಕೂ ಮುಂಚೆ, ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರಗಳಲ್ಲೇ, ಶಿಕ್ಷಣ ಇಲಾಖೆ ಮತ್ತು ಕ್ರೀಡಾ ಇಲಾಖೆ ಸೇರಿ ತಾಲೂಕಿಗೊಂದು ದಿನ ಗೊತ್ತುಮಾಡಿ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನದ ಮೇಷ್ಟ್ರುಗಳನ್ನು ಒಂದು ಮರಳಿನ ಗುಂಡಿಯ ಸುತ್ತ ಕೂರಿಸಲಿ. ಕಲಿಸಲು ಪ್ಯಾರಾ ಕೋಚ್‌ಗಳನ್ನು ಕರೆಸಲಿ. ಕ್ರೀಡಾಕೂಟದ ನಮೂನೆಯಲ್ಲಿ ಸ್ಪರ್ಧಿಗಳ ಹೆಸರು ಬರೆಯುವ ಕಾಲಮ್ಮಿನಲ್ಲಿ ಈ ಮಕ್ಕಳಿಗೂ ಒಂದು ವಿಭಾಗ ಇರಲಿ. ಅಂಕ ಬರೆಯುವ ಕೆಲಸಕ್ಕೆ ಮೇಷ್ಟ್ರುಗಳು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.